ಪ್ರೇಮವ್ವ ಕೇಳಿದ ಪುಸ್ತಕ

ಬ್ಯಾಡಗಿ
೧೧ ಫೆಬ್ರುವರಿ ೨೦೦೬

ಪ್ರೀತಿಯ ಶೈಲಕ್ಕನಿಗೆ ಮುಮ್ತಾಜಬಿಯ ಸಲಾಮು.

ಹಾವೇರಿಯ ದೊಡ್ಡ ವಾಚನಾಲಯದಲ್ಲಿ ಎರಡು ವರ್ಷ ನಿಮ್ಮ ಕೈಕೆಳಗೆ ಕಲಿತವಳನ್ನು ತಂದು ಬ್ಯಾಡಗಿಯ ಈ ಒಂದು ಕೋಣೆಯ ಶಾಖೆಗೆ ರಾಣಿ ಮಾಡಿದಿರಿ. ರಾಣಿಯ ಸಂಪತ್ತು ಎರಡು ಕಪಾಟು, ಒಂದು ಬೆಂಚು, ಕಾಲು ಅಲ್ಲಾಡುವ ಒಂದು ಮೇಜು. ಮೊದಲ ತಿಂಗಳು ಬಂದವರೆಲ್ಲ ಪೇಪರ್ ಓದುವ ಗಂಡಸರು. ಹೆಂಗಸರು ಬಾಗಿಲಲ್ಲಿ ಇಣುಕಿ "ಇದು ನಮಗಲ್ಲ ಬಿಡವಾ" ಎಂದು ಹೋಗಿಬಿಡುತ್ತಿದ್ದರು. ನನಗೆ ಸಿಟ್ಟು ಬಂತು. ಅವರು ಬರದಿದ್ದರೆ ನಾನೇ ಹೋದರಾಯಿತೆಂದು ಚೀಲದಲ್ಲಿ ಪುಸ್ತಕ ತುಂಬಿಕೊಂಡು ಮೆಣಸಿನಕಾಯಿ ಅಂಗಳಕ್ಕೆ ನಡೆದೆ.

ಅಲ್ಲಿ ನನ್ನ ಅವ್ವ ಅಕ್ಬರಬಿಯೂ ಸೇರಿ ಹತ್ತಿಪ್ಪತ್ತು ಜನ ಸಾಲಾಗಿ ಕೂತು ತೊಟ್ಟು ಬಿಡಿಸುತ್ತಾರೆ. ಕೈಗೆ ಕೆಲಸ, ಕಿವಿ ಖಾಲಿ. ಈಗ ಮಧ್ಯಾಹ್ನದ ಮೇಲೆ ಒಬ್ಬರು ಓದುತ್ತಾರೆ, ಉಳಿದವರು ಕೇಳುತ್ತಾರೆ. ಅಲ್ಲಿ ಕೂಲಿ ತೂಕದ ಮೇಲೆ. ಓದುವವಳಿಗೆ ಕೂಲಿ ತಪ್ಪಬಾರದೆಂದು ಉಳಿದವರು ತಮ್ಮ ತಮ್ಮ ಬುಟ್ಟಿಯಿಂದ ಒಂದೊಂದು ಬೊಗಸೆ ಅವಳ ಬುಟ್ಟಿಗೆ ಹಾಕುತ್ತಾರೆ. ಇದನ್ನು ನಾನು ಹೇಳಿಕೊಟ್ಟದ್ದಲ್ಲ, ಅವರೇ ಮಾಡಿಕೊಂಡದ್ದು. ನಾನು ಓದಿದ ದಿನ ನನಗೂ ಒಂದು ಬುಟ್ಟಿ ಇಡುತ್ತಾರೆ. ನಾನು ಒಂದು ದಿನ ಕಥೆ ಅರ್ಧಕ್ಕೆ ನಿಲ್ಲಿಸಿ ಎದ್ದರೆ ಅವ್ವ, "ಆ ಹುಡುಗಿ ಬಾವಿಗೆ ಬಿದ್ಲೋ ಇಲ್ಲೋ ಹೇಳಿ ಹೋಗು. ಇಲ್ಲಾಂದ್ರ ರಾತ್ರಿ ನಿನಗ ರೊಟ್ಟಿ ಇಲ್ಲ" ಎಂದಳು.

ನಿನ್ನೆ ಒಬ್ಬಾಕೆ ಎಲ್ಲರೂ ಹೋದ ಮೇಲೆ ಬಂದು, ದನಿ ತಗ್ಗಿಸಿ, "ಹೊಲದಾಗ ಹೆಣ್ಮಕ್ಕಳಿಗೆ ಪಾಲು ಅಂತ ಹೊಸ ಕಾಯ್ದೆ ಬಂದೈತಂತಲ್ಲ, ಅದರ ಪುಸ್ತಕ ಐತೇನು?" ಎಂದು ಕೇಳಿದಳು. ನನ್ನ ಹತ್ತಿರ ಇಲ್ಲ. ನಿಮ್ಮ ಕಪಾಟಿನಲ್ಲಿ ಇದ್ದರೆ, ನಿಮ್ಮ ಆಳು ಕೊಟ್ರೇಶ ಹೊತ್ತು ತರುವ ಪುಸ್ತಕದ ಗಂಟಿನಲ್ಲಿ ಕಳಿಸಿ. ಆಕೆಯ ಹೆಸರು ಬರೆಯುವುದಿಲ್ಲ. ಯಾರು ಏನು ಓದುತ್ತಾರೆ ಎಂಬುದು ಅವರವರ ಮಾತು, ಗಂಡನಿಗೂ ಹೇಳಬಾರದು ಎಂದು ಕಲಿಸಿದವರು ನೀವೇ.

ನಿಮ್ಮ ಮುಮ್ತಾಜ


ಹಾವೇರಿ
೨೫ ಫೆಬ್ರುವರಿ ೨೦೦೬

ಪ್ರೀತಿಯ ಮುಮ್ತಾಜ,

ನಿನ್ನ ಪತ್ರ ಓದಿ ಹೊಟ್ಟೆ ತುಂಬಿತು. ಆದರೆ ಒಂದು ದೂರು. ನೀನು ವಾಪಸು ಕಳಿಸಿದ ಕಾದಂಬರಿಗಳ ಹಾಳೆ ಹಾಳೆಯಲ್ಲಿ ಮೆಣಸಿನ ಪುಡಿ. ಇಲ್ಲಿಯ ಓದುಗರು ಕಥೆಯ ದುಃಖಕ್ಕೆ ಅತ್ತರೋ ಬ್ಯಾಡಗಿಯ ಖಾರಕ್ಕೆ ಅತ್ತರೋ ತಿಳಿಯದೆ ನಾನು ಗೊಂದಲದಲ್ಲಿದ್ದೇನೆ. ಒಬ್ಬ ನಿವೃತ್ತ ಮಾಸ್ತರರು ಸೀನಿ ಸೀನಿ ಕನ್ನಡಕ ಬೀಳಿಸಿಕೊಂಡರು.

ಕಾನೂನಿನ ಪುಸ್ತಕ ಈ ಸಲದ ಗಂಟಿನಲ್ಲಿದೆ. ಸರಳವಾಗಿ ಬರೆದಿದ್ದಾರೆ, ನಿಧಾನವಾಗಿ ಓದಿದರೆ ಯಾರಿಗೂ ತಿಳಿಯುತ್ತದೆ. ಹೆಸರು ಬರೆಯದಿದ್ದದ್ದು ಸರಿ. ನಾನೂ ಕೇಳುವುದಿಲ್ಲ. ಓದುವವರು ನಮ್ಮನ್ನು ನಂಬಿದರೆ ಮಾತ್ರ ತಮಗೆ ನಿಜವಾಗಿ ಬೇಕಾದದ್ದನ್ನು ಕೇಳುತ್ತಾರೆ. ನಂಬಿಕೆ ಹೋದರೆ ವಾಚನಾಲಯ ಬರೀ ಗೋದಾಮು. ಈ ಮಾತು ನಿನಗೆ ಬಾಯಿಪಾಠವಾಗಿರಬೇಕು, ಆದರೂ ಹೇಳುವ ಚಟ ನನಗೆ.

ಇಲ್ಲಿ ಬಾಡಿಗೆ ಕಟ್ಟಡದ ಮಾಲೀಕರು ಖಾಲಿ ಮಾಡಿ ಎನ್ನುತ್ತಿದ್ದಾರೆ. ಅದೊಂದೇ ತಲೆನೋವು.

ಆಶೀರ್ವಾದಗಳೊಂದಿಗೆ,
ಶೈಲಾ


ಬ್ಯಾಡಗಿ
೧೮ ಮಾರ್ಚ್ ೨೦೦೬

ಪ್ರೀತಿಯ ಶೈಲಕ್ಕ,

ಮಾಸ್ತರರಿಗೆ ನನ್ನ ಪರವಾಗಿ ಕ್ಷಮೆ ಕೇಳಿ. ಈಗ ಪ್ರತಿ ಪುಸ್ತಕಕ್ಕೂ ಹಳೆ ಸೀರೆಯ ಹೊದಿಕೆ ಹೊಲಿಸಿದ್ದೇನೆ. ಓದುವ ಮುಂಚೆ ಕೈ ತೊಳೆಯಬೇಕು ಎಂದು ಕಾಯ್ದೆ ಮಾಡಿದ್ದೇನೆ. ಯಾರೂ ಪಾಲಿಸುತ್ತಿಲ್ಲ.

ಆ ಪುಸ್ತಕ ಒಯ್ದವಳ ಸುದ್ದಿ ಹೇಳಲೇಬೇಕು, ಇಲ್ಲದಿದ್ದರೆ ನನಗೆ ಉಂಡ ಅನ್ನ ಕರಗುವುದಿಲ್ಲ. ಐದನೇ ಇಯತ್ತೆಗೆ ಶಾಲೆ ಬಿಟ್ಟವಳು. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುತ್ತಾಳೆ. ಬುತ್ತಿಯ ಬಟ್ಟೆಯಲ್ಲಿ ರೊಟ್ಟಿಯ ಜೊತೆಗೆ ಪುಸ್ತಕ ಕಟ್ಟಿಕೊಂಡು ಬರುತ್ತಾಳೆ. ಗಂಡ ತೀರಿಕೊಂಡು ನಾಲ್ಕು ವರ್ಷ, ಇಬ್ಬರು ಹೆಣ್ಣುಮಕ್ಕಳು. ತಂದೆ ಹೋದ ದೀಪಾವಳಿಯ ಹೊತ್ತಿಗೆ ತೀರಿಕೊಂಡರಂತೆ. ಹೊಲ ಇನ್ನೂ ತಂದೆಯ ಹೆಸರಿನಲ್ಲೇ ಇದೆ. ಅಂದರೆ ಹೊಸ ಕಾಯ್ದೆ ಬಂದ ಮೇಲೆ ತೀರಿಕೊಂಡದ್ದು. ಇದನ್ನು ಲೆಕ್ಕ ಹಾಕಿ ಕಂಡುಕೊಂಡವಳು ನಾನಲ್ಲ, ಆಕೆಯೇ.

ಮೊನ್ನೆ ಬಂದು, "ಮುಮ್ತಾಜ, ಇಷ್ಟು ದಿನ ತವರಿನವರು ಕೊಟ್ಟಿದ್ದು ದಾನ ಅನ್ಕೊಂಡಿದ್ದೆ. ಇದರಾಗ ಹಕ್ಕು ಅಂತ ಬರದಾರಲ್ಲ" ಎಂದಳು. ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಮೆಣಸಿನಕಾಯಿ ನೆಪ ಮಾಡಿ ಕಣ್ಣು ಒರೆಸಿಕೊಂಡಳು. ಶೈಲಕ್ಕ, ನಾವು ಮಾಡುವ ಕೆಲಸ ಇದೇ ಅಲ್ಲವೇ? ನನಗಂತೂ ಅವತ್ತು ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ನಿಮ್ಮ ಮುಮ್ತಾಜ


ಹಾವೇರಿ
೧೦ ಏಪ್ರಿಲ್ ೨೦೦೬

ಪ್ರೀತಿಯ ಮುಮ್ತಾಜ,

ಈ ಪತ್ರವನ್ನು ಆತುರದಲ್ಲಿ ಬರೆಯುತ್ತಿದ್ದೇನೆ. ಮೇ ಕೊನೆಗೆ ನಮ್ಮ ವಾರ್ಷಿಕ ಸಭೆ. ಕಟ್ಟಡದ ಮಾಲೀಕರು ದೀಪಾವಳಿಯವರೆಗೆ ಗಡುವು ಕೊಟ್ಟಿದ್ದಾರೆ. ಸಂಜೆ ಹೊತ್ತು ಇಲ್ಲಿ ಓದಿಕೊಳ್ಳುವ ಮಕ್ಕಳನ್ನು ನೀನು ನೋಡಿದ್ದೀ. ಮನೆಯಲ್ಲಿ ಕೂರಲು ಜಾಗವಿಲ್ಲದೆ ಬಂದವರು ಅವರು. ಈ ಬಾಗಿಲು ಮುಚ್ಚಿದರೆ ಎಲ್ಲಿಗೆ ಹೋಗಬೇಕು? ಸಭೆಗೆ ಬರುವ ದೊಡ್ಡವರ ಮನಸ್ಸು ಕರಗಿಸಿ ಒಂದು ನಿವೇಶನ ಪಡೆಯಲೇಬೇಕು.

ಅದಕ್ಕೆ ನಿನ್ನ ಅಂಗಳದ ಹೆಣ್ಣುಮಕ್ಕಳ ವಿಷಯ ವರದಿಯಲ್ಲಿ ಬರಲಿ ಎಂದುಕೊಂಡಿದ್ದೇನೆ. ಮುಖ್ಯವಾಗಿ ಆ ಕಾನೂನಿನ ಪುಸ್ತಕ ಒಯ್ದವಳದು. ಹೆಸರು, ತವರು, ಕುಟುಂಬ ಇಷ್ಟು ಬೇಕು. ಹೆಸರಿಲ್ಲದ ಮಾತನ್ನು ಯಾರೂ ನಂಬುವುದಿಲ್ಲ, ಕಟ್ಟುಕಥೆ ಎನ್ನುತ್ತಾರೆ. ಹೆಸರಿರುವ ಹಾಳೆ ನನ್ನ ಮತ್ತು ಅಧ್ಯಕ್ಷರ ಕೈ ದಾಟುವುದಿಲ್ಲ. ನನ್ನ ಮೇಲೆ ಬಿಡು.

ಶೈಲಾ


ಬ್ಯಾಡಗಿ
೧೬ ಏಪ್ರಿಲ್ ೨೦೦೬

ಶೈಲಕ್ಕ,

ನಿಮ್ಮ ಪತ್ರ ಬಂದು ಎರಡು ದಿನ ಸುಮ್ಮನೆ ಇಟ್ಟುಕೊಂಡಿದ್ದೆ. ಬರೆಯಲೋ ಬೇಡವೋ ಎಂದು. ಆಮೇಲೆ, ಕೇಳಿದವರು ಶೈಲಕ್ಕ ತಾನೇ, ಊರಿನ ಕಟ್ಟೆಯ ಮೇಲೆ ಹೇಳುತ್ತಿದ್ದೇನೆಯೇ ಎಂದು ನನ್ನನ್ನೇ ಬೈದುಕೊಂಡೆ.

ಹೆಸರು ಪ್ರೇಮವ್ವ. ತವರು ಅಗಡಿ. ತಾಯಿ ಇದ್ದಾರೆ. ಒಬ್ಬನೇ ಅಣ್ಣ, ಹಾವೇರಿಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದಾನಂತೆ. ಅಣ್ಣನ ಹತ್ತಿರ ಇನ್ನೂ ಮಾತು ತೆಗೆದಿಲ್ಲ. ಮೊದಲು ರಾಣೆಬೆನ್ನೂರಿನಲ್ಲಿ ಒಬ್ಬ ವಕೀಲರನ್ನು ಕಂಡು, ಪುಸ್ತಕದಲ್ಲಿ ತಿಳಿಯದ್ದನ್ನು ಕೇಳಿಕೊಂಡು, ಆಮೇಲೆ ತಾಯಿಯ ಎದುರಿಗೆ ಸಮಾಧಾನದಿಂದ ಕೇಳಬೇಕು ಎಂದುಕೊಂಡಿದ್ದಾಳೆ. "ನನಗ ಜಗಳ ಬ್ಯಾಡ. ಎರಡು ಹುಡುಗೀರದು ಸಾಲಿ ಆಗಬೇಕು, ಅಷ್ಟ" ಎನ್ನುತ್ತಾಳೆ. ಅಲ್ಲಿಯವರೆಗೆ ಈ ಮಾತು ಯಾರ ಕಿವಿಗೂ ಬೀಳಬಾರದು. ಅಣ್ಣನಿಗೆ ಮೊದಲೇ ತಿಳಿದರೆ ಅವಳು ಬಾಯಿ ತೆರೆಯುವ ಮುಂಚೆಯೇ ಮುಚ್ಚಿಸುತ್ತಾನೆ.

ನಿಮಗೆ ಇಷ್ಟು ಹೇಳಬೇಕಾಗಿರಲಿಲ್ಲ. ಆದರೂ ಹೇಳಿದ್ದೇನೆ.

ಮುಮ್ತಾಜ


ಹಾವೇರಿ
೩ ಜೂನ್ ೨೦೦೬

ಪ್ರೀತಿಯ ಮುಮ್ತಾಜ,

ಸಭೆ ಚೆನ್ನಾಗಿ ನಡೆಯಿತು. ಬ್ಯಾಡಗಿಯ ಕೆಲಸವನ್ನು ಎಲ್ಲರೂ ಹೊಗಳಿದರು, ಚಪ್ಪಾಳೆ ಬಿತ್ತು. ಸಮಿತಿಯ ಒಬ್ಬ ಹಿರಿಯರು ಅಲ್ಲಿಯೇ ಎದ್ದು ನಿವೇಶನ ಕೊಡುವುದಾಗಿ ಘೋಷಿಸಿದರು. ಕಟ್ಟಡದ ಖರ್ಚಿಗೂ ಮುಂದೆ ನಿಲ್ಲುತ್ತಾರಂತೆ. ಮಕ್ಕಳಿಗೆಂದೇ ಒಂದು ಪ್ರತ್ಯೇಕ ಕೋಣೆ ಆಗುತ್ತದೆ. ಹದಿನೆಂಟು ವರ್ಷ ಇದಕ್ಕೇ ಕಾದಿದ್ದೆ ಎಂದು ನಿನಗೆ ಗೊತ್ತು.

ಈ ತಿಂಗಳು ಪತ್ರ ತಡವಾಗಬಹುದು. ನಕ್ಷೆ, ಪರವಾನಗಿ ಎಂದು ಓಡಾಟ ಬಹಳ. ನೀನೂ ಒಂದಿಷ್ಟು ದಿನ ಹೊಸ ಕಾದಂಬರಿ, ಅಡುಗೆ ಪುಸ್ತಕ ಇಂಥವನ್ನೇ ಅಂಗಳಕ್ಕೆ ಒಯ್ಯು. ಎಲ್ಲವನ್ನೂ ಒಮ್ಮೆಲೇ ಮಾಡಲು ಹೋಗಬಾರದು.

ಶೈಲಾ


ಬ್ಯಾಡಗಿ
೨೨ ಜುಲೈ ೨೦೦೬

ಪ್ರೀತಿಯ ಶೈಲಕ್ಕ,

ನಿವೇಶನ ಸಿಕ್ಕ ಸುದ್ದಿ ಕೇಳಿ ಅಂಗಳದಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ. ಅಡುಗೆ ಪುಸ್ತಕ ಒಯ್ದಿದ್ದೆ. "ಮಾಡಾಕ ಸಾಮಾನು ಯಾರಪ್ಪ ಕೊಡ್ತಾನ?" ಎಂದು ಅವ್ವ ವಾಪಸು ಕಳಿಸಿದಳು.

ಈಗ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಮೊನ್ನೆ ಪ್ರೇಮವ್ವನ ಅಣ್ಣ ಸೋಮಣ್ಣ ಕಾರು ಮಾಡಿಕೊಂಡು ನೇರ ಅಂಗಳಕ್ಕೇ ಬಂದುಬಿಟ್ಟ. ಪಂಚಮಿಗೆ ತಂಗಿಯನ್ನು ಕರೆಯಲು. ಅವಳ ಗಂಡ ಸತ್ತ ಮೇಲೆ ಒಂದು ವರ್ಷವೂ ಕರೆದವನಲ್ಲ. ಈಗ ಬುಟ್ಟಿ ತುಂಬ ಉಂಡಿ, ಹಸಿರು ಸೀರೆ, ಕುಬಸದ ಖಣ, ಹುಡುಗಿಯರಿಗೆ ಬಳೆ. ರೇಶ್ಮೆಯ ಅಂಗಿ ಹಾಕಿಕೊಂಡು ಮೆಣಸಿನಕಾಯಿಯ ನಡುವೆ ಕೂತು ಸೀನುತ್ತ, "ತಂಗೀ, ಅಪ್ಪ ಇಲ್ಲದ ಮೊದಲ ಪಂಚಮಿ. ನೀ ಬರಲಿಲ್ಲಂದ್ರ ಅವ್ವ ಉಣ್ಣೂದಿಲ್ಲಂತ ಕುಂತಾಳ" ಎಂದ. ಹೆಂಗಸರೆಲ್ಲ ಕೆಲಸ ಬಿಟ್ಟು ನೋಡಿದರು. ಇಂಥ ಅಣ್ಣ ಇರಬೇಕು ಎಂದು ಒಬ್ಬಿಬ್ಬರು ಕಣ್ಣು ಒರೆಸಿಕೊಂಡರು.

ಆದರೆ ಪ್ರೇಮವ್ವ ಸಂಜೆ ನನ್ನ ಬಳಿ ಬಂದು, "ಒಮ್ಮಿಗೇ ಇಷ್ಟು ಪ್ರೀತಿ ಯಾಕ ಬಂತು? ಹೋಗಲ್ಯಾ ಬ್ಯಾಡಾ?" ಎಂದು ಕೇಳಿದಳು. ನಾನು ಹೋಗು ಎಂದೆ. ಪಂಚಮಿಗೆ ಅಣ್ಣ ಮನೆಬಾಗಿಲಿಗೆ ಬಂದು ಕರೆದರೆ ಯಾವ ತಂಗಿ ಒಲ್ಲೆ ಎನ್ನುತ್ತಾಳೆ? ತಂದೆಯ ಸಾವು ಅವನನ್ನು ಮೆತ್ತಗೆ ಮಾಡಿರಬೇಕು ಎಂದು ನನ್ನ ಅನಿಸಿಕೆ. ಅವಳಿಗೆ ನನ್ನ ಮಾತು ಸಾಲಲಿಲ್ಲ. "ನಿಮ್ಮ ಹಾವೇರಿ ಅಕ್ಕಾರನ್ನ ಒಂದು ಮಾತು ಕೇಳು" ಎಂದಿದ್ದಾಳೆ. ನಿಮ್ಮನ್ನು ಅವಳು ಕಂಡೇ ಇಲ್ಲ, ಆದರೂ ನಿಮ್ಮ ಮಾತೆಂದರೆ ಅಷ್ಟು ನಂಬಿಕೆ. ಕೊಟ್ರೇಶ ಇವತ್ತೇ ಹಾವೇರಿಗೆ ಮರಳುತ್ತಾನೆ, ಕೂಡಲೇ ಉತ್ತರ ಬರೆಯಿರಿ.

ಮುಮ್ತಾಜ


ಹಾವೇರಿ
೨೫ ಜುಲೈ ೨೦೦೬

ಮುಮ್ತಾಜ,

ಕಳಿಸು. ತವರು ತವರೇ. ಅಣ್ಣ ತಾನಾಗಿ ಬಂದಿದ್ದಾನೆ ಎಂದರೆ ಒಳ್ಳೆಯದೇ ಆಗುತ್ತದೆ. ಮನೆಯೊಳಗಿನ ಮಾತು ಮನೆಯೊಳಗೇ ಬಗೆಹರಿದರೆ ಕೋರ್ಟು ಕಚೇರಿ ಯಾಕೆ? ಸಂಶಯ ಪಡಬೇಡ ಎಂದು ನಾನು ಹೇಳಿದೆನೆಂದು ಆಕೆಗೆ ತಿಳಿಸು.

ಶೈಲಾ


ಬ್ಯಾಡಗಿ
೮ ಆಗಸ್ಟ್ ೨೦೦೬

ಶೈಲಕ್ಕ,

ಪ್ರೇಮವ್ವ ಮರಳಿ ಬಂದಳು. ಹಸಿರು ಸೀರೆಯನ್ನು ಮಡಿಚಿ ನನ್ನ ಮೇಜಿನ ಮೇಲಿಟ್ಟು, "ಇದನ್ನ ಯಾರಿಗರ ಕೊಟ್ಟುಬಿಡು" ಎಂದಳು. ಆಮೇಲೆ ಹೇಳಿದ್ದನ್ನು ಅವಳ ಬಾಯಿಂದ ಬಂದಂತೆಯೇ ಬರೆಯುತ್ತೇನೆ.

"ಎರಡು ದಿನ ಭಾಳ ಛಲೋ ನಡೀತು. ಜೋಕಾಲಿ ಆಡಿದ್ವಿ. ಅತ್ತಿಗಿ ತಲಿಗೆ ಎಣ್ಣಿ ಹಚ್ಚಿದ್ಲು. ಮೂರನೇ ದಿನ ಅಣ್ಣ, ಅಪ್ಪನ ಬ್ಯಾಂಕಿನ ಕಾಗದಕ್ಕ ಸಹಿ ಬೇಕು ಅಂತ ಹಾವೇರಿಗೆ ಕರಕೊಂಡು ಹ್ವಾದ. ಅವ್ವನ್ನೂ ಕೂಡಿಸ್ಕೊಂಡ. ಅದು ಬ್ಯಾಂಕಲ್ಲ, ನೋಂದಣಿ ಕಚೇರಿ. ಕಾಗದ ಮುಂದ ಇಟ್ರು. ನಾ ಬೆರಳಿಟ್ಟು ಓದಾಕ ಸುರು ಮಾಡಿದೆ. ಹಕ್ಕು ಬಿಡುಗಡೆ ಅಂತ ಬಂತು. ನಿನ್ನ ಪುಸ್ತಕದಾಗ ಆ ಮಾತು ಓದಿದ್ದೆ ನಾ. ತಲಿ ಎತ್ತಿದೆ. ಅಣ್ಣ ನಕ್ಕ. 'ಬ್ಯಾಡಗ್ಯಾಗ ಪುಸ್ತಕ ಓದಿ, ರಾಣೆಬೆನ್ನೂರಾಗ ವಕೀಲನ್ನ ಹುಡುಕಾಕಿ ನೀ ಅಂತಲ್ಲ? ಎಲ್ಲಾ ಗೊತ್ತೈತಿ ನನಗ. ಅಣ್ಣನ ಮ್ಯಾಲ ಕೇಸು ಹಾಕ್ತೀಯೇನು? ಹಾಕು, ಅವ್ವನ ಮುಂದ ಹೇಳು' ಅಂದ. ಅವ್ವ ನನ್ನ ಕೈ ಹಿಡಕೊಂಡು ಅಲ್ಲೇ ಅಳಾಕತ್ತಿದ್ಲು. ಮಂದಿ ಎಲ್ಲಾ ನೋಡಾಕತ್ತಿತ್ತು. ಕಳ್ಳತನ ಮಾಡಿ ಸಿಕ್ಕಿಬಿದ್ದಂಗಾತು ನನಗ. ಸಹಿ ಮಾಡಿದೆ."

ಓದಲು ಬಾರದೆ ಮೋಸ ಹೋದವಳಲ್ಲ ಅವಳು. ಓದಿದಳು, ತಿಳಿದುಕೊಂಡಳು. ಆಮೇಲೆ, ಓದಿದ್ದೇ ತಪ್ಪು ಎಂಬಂತೆ ಅವಳನ್ನು ನಾಚಿಸಿ ಸಹಿ ಹಾಕಿಸಿಕೊಂಡರು. ಆ ಪುಸ್ತಕದ ವಿಷಯ, ವಕೀಲರ ವಿಷಯ ಅವನಿಗೆ ಹೇಳಿದ್ದು ಯಾರು? ಅಂಗಳದಲ್ಲಿ ನನ್ನ ಅವ್ವನಿಗೂ ಗೊತ್ತಿರಲಿಲ್ಲ. ನನಗೆ ಗೊತ್ತು, ನಿಮಗೆ ಗೊತ್ತು. ನಡುವೆ ಗಂಟು ಹೊರುವವನು ಕೊಟ್ರೇಶ. ಪತ್ರಗಳು ಬರುವುದು ಅದೇ ಗಂಟಿನಲ್ಲಿ, ಅವನ ಊರೂ ಅಗಡಿ. ಅವನು ಬಿಚ್ಚಿ ಓದಿ ಮಾರಿಕೊಂಡಿದ್ದಾನೆ. ದಯವಿಟ್ಟು ಅವನನ್ನು ಕೇಳಿ. ಈ ಪತ್ರವನ್ನು ಗಂಟಿನಲ್ಲಿಡದೆ ಅಂಚೆಗೆ ಹಾಕುತ್ತಿದ್ದೇನೆ.

ಮುಮ್ತಾಜ


ಹಾವೇರಿ
೫ ಸೆಪ್ಟೆಂಬರ್ ೨೦೦೬

ಪ್ರೀತಿಯ ಮುಮ್ತಾಜ,

ನಿನ್ನ ಪತ್ರ ತಲುಪಿತು. ಆದದ್ದಕ್ಕೆ ಬಹಳ ನೋವಾಯಿತು. ಇಷ್ಟು ತಡವಾಗಿ ಉತ್ತರಿಸುತ್ತಿರುವುದಕ್ಕೆ ಅಡಿಪಾಯದ ಕೆಲಸ ಕಾರಣ.

ನೀನು ಬರೆದದ್ದನ್ನು ಸಮಿತಿಗೆ ತಿಳಿಸಿದೆ. ಕೊಟ್ರೇಶನನ್ನು ಕೆಲಸದಿಂದ ಬಿಡಿಸಿದ್ದಾರೆ. ಇನ್ನು ಪುಸ್ತಕದ ಗಂಟು ಬಸ್ಸಿನ ಪಾರ್ಸೆಲ್ಲಿನಲ್ಲಿ ಬರುತ್ತದೆ. ಈ ವಿಷಯವನ್ನು ಇಲ್ಲಿಗೇ ಬಿಡು, ಕೆದಕಿದಷ್ಟೂ ಆ ಹೆಣ್ಣುಮಗಳಿಗೇ ತೊಂದರೆ.

ಇನ್ನೊಂದು ಮಾತು. ಕಾನೂನು, ಆಸ್ತಿ, ಹೆಂಗಸರ ಆರೋಗ್ಯ ಈ ಬಗೆಯ ಪುಸ್ತಕಗಳನ್ನು ಶಾಖೆಗಳಲ್ಲಿ ಬೀಗ ಹಾಕಿಡಬೇಕು, ಕೇಳಿದವರ ಹೆಸರನ್ನು ಸಮಿತಿಗೆ ಕಳಿಸಿ ಒಪ್ಪಿಗೆ ಬಂದ ಮೇಲೆ ಕೊಡಬೇಕು ಎಂದು ನಿರ್ಣಯವಾಗಿದೆ. ಕಟ್ಟಡ ಮುಗಿಯುವವರೆಗೆ ಮಾತ್ರ. ನನ್ನ ಮನಸ್ಸಿಗೂ ಒಪ್ಪಿಗೆಯಿಲ್ಲ. ಆದರೆ ಸಮಿತಿಯನ್ನು ಈಗ ಎದುರು ಹಾಕಿಕೊಳ್ಳುವ ಹಾಗಿಲ್ಲ. ನೀನು ಜಾಣೆ, ತಿಳಿದುಕೊಳ್ಳುತ್ತೀ.

ಶೈಲಾ


ಬ್ಯಾಡಗಿ
೧೫ ಅಕ್ಟೋಬರ್ ೨೦೦೬

ಶೈಲಾ ಮೇಡಂ,

ಶುಕ್ರವಾರ ಪ್ರೇಮವ್ವನನ್ನು ಕರೆದುಕೊಂಡು ರಾಣೆಬೆನ್ನೂರಿಗೆ ಹೋಗಿದ್ದೆ. ಬರುವುದೇ ಇಲ್ಲ ಎಂದವಳನ್ನು ಎಳೆದುಕೊಂಡೇ ಹೋದೆ. ವಕೀಲರು ಒಳ್ಳೆಯವರು. ಮೋಸದಿಂದ ಕರೆದೊಯ್ದು, ಒತ್ತಾಯದಿಂದ ಹಾಕಿಸಿದ ಸಹಿಯನ್ನು ಪ್ರಶ್ನಿಸಬಹುದು, ಆದರೆ ಆಕೆ ಗಟ್ಟಿಯಾಗಿ ನಿಂತು ಹೇಳಬೇಕು ಎಂದರು. ಪ್ರೇಮವ್ವ ವಿಚಾರ ಮಾಡುತ್ತೇನೆ ಎಂದಳು. ಅವಳನ್ನು ಬಸ್ ನಿಲ್ದಾಣದಲ್ಲಿ ಕೂರಿಸಿ ನಾನು ಹುಡುಗಿಯರಿಗೆ ಏನಾದರೂ ತಿನ್ನಲು ತರೋಣವೆಂದು ಹೋದಾಗ ಒಂದು ಬೀಜದ ಅಂಗಡಿಯ ಮುಂದೆ ಕೊಟ್ರೇಶ ಕಂಡ. ಚೀಲ ಹೊರುತ್ತಿದ್ದ.

ರಸ್ತೆಯ ಮೇಲೆಯೇ ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಚೀಲ ಇಳಿಸಿ, ಬೆವರು ಒರೆಸಿಕೊಂಡು, ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಅಕ್ಕಾರ, ನಿಮ್ಮ ಪತ್ರ ನಾ ಬಿಚ್ಚಿಲ್ರಿ. ಬಿಚ್ಚೂ ಕಾರಣನ ಇರಲಿಲ್ಲ. ಶೈಲಾ ಮೇಡಂ ಅವರು ಅದನ್ನ ಸಭಾದಾಗ ಮೈಕ್ ಹಿಡಿದು ಓದಿದ್ರು" ಎಂದ.

ಮೇಡಂ, ಆದದ್ದನ್ನೆಲ್ಲ ಮೊದಲಿನಿಂದ ಹೇಳು ಎಂದು ಅವನನ್ನು ಹಿಡಿದು ನಿಲ್ಲಿಸಿದೆ.

ಅವನು ಹೇಳಿದ್ದು ಇಷ್ಟು. ನೀವು ನನ್ನ ಪತ್ರಗಳನ್ನು ಓದಿದಿರಿ. ಬೆರಳಿಟ್ಟು ಓದುವುದು, ಬುತ್ತಿಯಲ್ಲಿ ಪುಸ್ತಕ, ಹಕ್ಕು ಎಂದು ಅತ್ತದ್ದು, ಎಲ್ಲ. ಅಗಡಿಯ ಪ್ರೇಮವ್ವ ಎಂದು ಹೆಸರು ಹಿಡಿದೇ ಓದಿದಿರಿ. ಜನ ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿ ಕೂತಿದ್ದ ಸೋಮಣ್ಣನೂ ತಟ್ಟಿದ. ನಿವೇಶನ ಘೋಷಿಸಿದ ಹಿರಿಯರು ಅವನೇ. ಅವನ ಹೆಸರನ್ನು ನೀವು ನನಗೆ ಇವತ್ತಿನವರೆಗೂ ಬರೆದಿಲ್ಲ.

ಅದನ್ನು ನಾನು ನುಂಗಿಕೊಳ್ಳುತ್ತಿದ್ದೆನೇನೋ. ಅವನು ಅವಳ ಅಣ್ಣನೆಂದು ನಿಮಗೆ ಗೊತ್ತಿರಲಿಲ್ಲ, ಹೆಮ್ಮೆಯಿಂದ ಓದಿಬಿಟ್ಟಿರಿ, ಹೆಮ್ಮೆ ನನಗೂ ಇತ್ತು. ಆದರೆ ಸಭೆ ಮುಗಿದ ಮೇಲೆ ಅವನು ನಿಮ್ಮ ಕೋಣೆಗೆ ಬಂದನಂತೆ. ಕೊಟ್ರೇಶ ಚಹಾ ತಂದುಕೊಟ್ಟನಂತೆ. "ಆ ಹೆಣ್ಣುಮಗಳು ನನ್ನ ತಂಗಿ ಅದಾಳ ಮೇಡಂ. ಮನಿಮಾತು, ನಾ ನೋಡ್ಕೋತೀನಿ. ನೀವೇನೂ ಬರಿಯಾಕ ಹೋಗಬ್ಯಾಡ್ರಿ" ಎಂದನಂತೆ. ಅವನು ಕೇಳಿದ್ದಕ್ಕೆ ವಕೀಲರ ಮಾತನ್ನೂ ಹೇಳಿದಿರಂತೆ. ಇಷ್ಟು ಗೊತ್ತಿದ್ದೂ ನೀವು ಜುಲೈನಲ್ಲಿ ನನಗೆ ಬರೆದದ್ದೇನು? ಕಳಿಸು. ಸಂಶಯ ಪಡಬೇಡ. ನಿಮ್ಮ ಮಾತೆಂದು ನಾನೇ ಓದಿ ಹೇಳಿದೆ ಅವಳಿಗೆ. ಅವಳು ಅದಕ್ಕೇ ಹೋದಳು.

ಕೊಟ್ರೇಶನ ಮೇಲೆ ನಾನು ಹಾಕಿದ ಸುಳ್ಳನ್ನು ನೀವು ಸಮಿತಿಗೆ ಒಯ್ದು ಕೊಟ್ಟಿರಿ. ಅದು ಸುಳ್ಳೆಂದು ನಿಮಗೂ ಗೊತ್ತಿತ್ತು, ಸೋಮಣ್ಣನಿಗೂ ಗೊತ್ತಿತ್ತು. ಅವನ ಅನ್ನ ನಾನು ಕಿತ್ತುಕೊಂಡೆ. ನನ್ನ ಕೈಯಿಂದ ಕೀಳಿಸಿದವರು ನೀವು. ಅವನ ಕಾಲು ಹಿಡಿಯಲು ಹೋದೆ, ಹಿಂದೆ ಸರಿದು "ಬಿಡ್ರಿ ಅಕ್ಕಾರ, ಮಂದಿ ನೋಡ್ತಾರ" ಎಂದ.

ಒಂದೇ ಪ್ರಶ್ನೆ. ಜುಲೈನ ಆ ಪತ್ರ ಬರೆಯುವಾಗ ನಿಮಗೆ ಏನೂ ಅನ್ನಿಸಲಿಲ್ಲವೇ?

ಮುಮ್ತಾಜಬಿ


ಹಾವೇರಿ
೨ ನವೆಂಬರ್ ೨೦೦೬

ಮುಮ್ತಾಜ,

ನಿನ್ನ ಪತ್ರವನ್ನು ಹಲವು ಸಲ ಓದಿದೆ. ಅಕ್ಕ ಎನ್ನುವುದನ್ನು ಬಿಟ್ಟಿದ್ದೀ. ಇರಲಿ.

ನಾನು ಓದಿದ್ದು ನಿನ್ನ ಮೇಲಿನ ಹೆಮ್ಮೆಯಿಂದ. ಅವರು ಆಕೆಯ ಅಣ್ಣ ಎಂದು ಆ ಗಳಿಗೆಯಲ್ಲಿ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಏನು ಮಾಡಬೇಕಿತ್ತು, ಹೇಳು? ಕೊಟ್ಟ ನಿವೇಶನ ಬೇಡ ಎನ್ನಬೇಕಿತ್ತೇ? ಸಂಜೆ ಬರುವ ಮಕ್ಕಳನ್ನು ಬೀದಿಗೆ ಕಳಿಸಬೇಕಿತ್ತೇ? ತಂಗಿಗೆ ಅನ್ಯಾಯ ಮಾಡುವುದಿಲ್ಲ ಎಂದು ಅವರು ನನ್ನೆದುರು ಹೇಳಿದ್ದರು. ನಂಬಿದೆ. ನಂಬಲು ನನಗೆ ಇಷ್ಟವೂ ಇತ್ತು ಎಂದು ನೀನು ಅಂದರೆ ಅಲ್ಲಗಳೆಯಲಾರೆ. ಕೊಟ್ರೇಶನನ್ನು ಈಗ ಮರಳಿ ತೆಗೆದುಕೊಳ್ಳುವುದು ಕಷ್ಟ. ಯಾಕೆ ಬಿಡಿಸಿದಿರಿ, ಯಾಕೆ ಕರೆದಿರಿ ಎಂಬ ಪ್ರಶ್ನೆ ಏಳುತ್ತದೆ.

ನೀನು ಒಬ್ಬಳನ್ನು ನೋಡುತ್ತೀ, ನಾನು ನೂರಾರು ಜನರನ್ನು ನೋಡಬೇಕು. ಮಕ್ಕಳ ಕೋಣೆಗೆ ಕಿಟಕಿ ಕೂರಿಸಿದ್ದಾರೆ, ಬೆಳಕು ಬಹಳ ಚೆನ್ನಾಗಿ ಬರುತ್ತದೆ. ಡಿಸೆಂಬರಿನಲ್ಲಿ ಉದ್ಘಾಟನೆ. ನೀನು ವೇದಿಕೆಯ ಮೇಲೆ ಇರಬೇಕು ಎಂದು ನಾನೇ ಹಟ ಮಾಡಿ ಒಪ್ಪಿಸಿದ್ದೇನೆ. ಬಾ. ಎದುರಿಗೆ ಕೂತು ಬೈಯಿ, ಕೇಳುತ್ತೇನೆ.

ಪ್ರೇಮವ್ವ ಹೇಗಿದ್ದಾಳೆ? ವಾಚನಾಲಯಕ್ಕೆ ಬರುತ್ತಾಳೆಯೇ?

ಶೈಲಾ


ಬ್ಯಾಡಗಿ
೨೦ ನವೆಂಬರ್ ೨೦೦೬

ಶೈಲಾ ಅವರಿಗೆ,

ವೇದಿಕೆಗೆ ನಾನು ಬರುವುದಿಲ್ಲ. ಆ ಕೋಣೆಯಲ್ಲಿ ಮಕ್ಕಳು ಓದಲಿ, ಚೆನ್ನಾಗಿಯೇ ಓದಲಿ. ಅವರ ಮೇಲೆ ನನಗೆ ಸಿಟ್ಟಿಲ್ಲ. ಬೆಳಕಿನ ಮಾತನ್ನು ಮಾತ್ರ ನೀವು ನನಗೆ ಬರೆಯಬಾರದಿತ್ತು.

ನಿಮ್ಮ ಪತ್ರ ಬಂದ ದಿನವೇ ಕಪಾಟಿನ ಬೀಗವನ್ನು ಕಲ್ಲಿನಿಂದ ಒಡೆದೆ. ಬೀಗ ಹಾಕಿದವಳು ನಾನೇ, ಸಪ್ಪಳ ಮಾಡದೆ ಕೀಲಿ ತಿರುಗಿಸಿ ತೆಗೆಯಬಹುದಿತ್ತು. ಮನಸ್ಸು ಬರಲಿಲ್ಲ. ಕಾನೂನಿನ ಪುಸ್ತಕಗಳನ್ನು ಬಾಗಿಲ ಎದುರಿನ ಹಲಗೆಯ ಮೇಲೆ, ಒಳಗೆ ಕಾಲಿಟ್ಟವರ ಕೈಗೆ ಸಿಗುವ ಹಾಗೆ ಜೋಡಿಸಿದ್ದೇನೆ. ಯಾರ ಹೆಸರನ್ನೂ ನಿಮ್ಮ ಸಮಿತಿಗೆ ಕಳಿಸುವುದಿಲ್ಲ. ನನ್ನನ್ನೂ ಬಿಡಿಸುವುದಿದ್ದರೆ ಬಿಡಿಸಿ. ಕೊಟ್ರೇಶನ ಬಗ್ಗೆ ನಾನು ಹೇಳಿದ್ದು ಸುಳ್ಳು ಎಂದು ಸಮಿತಿಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಪತ್ರ ಬರೆದು ಹಾಕಿದ್ದೇನೆ. ಸೋಮಣ್ಣನಿಗೂ ಒಂದು.

ಪ್ರೇಮವ್ವನ ವಿಷಯ ಕೇಳಿದ್ದೀರಿ. ನಿಮಗೆ ಹೇಳಬಾರದು, ಆದರೆ ಇದರಲ್ಲಿ ಕದಿಯುವಂಥದ್ದು ಇನ್ನೇನೂ ಉಳಿದಿಲ್ಲ.

ಅವಳಿಗೆ ನಾನೇ ಹೇಳಿದೆ. ಹೇಳದೆ ಇರಬಹುದಿತ್ತು, ಎಲ್ಲ ನಿಮ್ಮ ಮೇಲೆ ಹಾಕಿ ನಾನೂ ಅವಳ ಜೊತೆ ಕೂತು ಅಳಬಹುದಿತ್ತು. ಅದೂ ಒಂದು ಮೋಸವೇ ಆಗುತ್ತಿತ್ತು. ಅಂಗಳಕ್ಕೆ ಹೋಗಿ, ನಿನ್ನ ಹೆಸರು, ನಿನ್ನ ತವರು ಪತ್ರದಲ್ಲಿ ಬರೆದು ಕಳಿಸಿದವಳು ನಾನು ಎಂದೆ. ಅವಳು ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಬುಟ್ಟಿ ನೋಡುತ್ತಲೇ, "ನಾ ನಿನಗ ಹೇಳಿದ್ದೆ. ಅವರಿಗೆ ಹೇಳಿರಲಿಲ್ಲ" ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆಂಗಸರೆಲ್ಲ ಕೇಳಿಸಿಕೊಂಡರು. ಅವತ್ತು ನಾನು ಓದಲು ಕೂತಾಗ ನನ್ನ ಬುಟ್ಟಿಗೆ ಯಾರೂ ಬೊಗಸೆ ಹಾಕಲಿಲ್ಲ. ಅವ್ವ ಒಬ್ಬಳೇ ಹಾಕಿದಳು, ಅದೂ ನನ್ನ ಮುಖ ನೋಡದೆ.

ವಕೀಲರು ಕಾಯುತ್ತಿದ್ದಾರೆ. ಏನು ಹೇಳಬೇಕು, ಹೇಗೆ ನಿಲ್ಲಬೇಕು ಎಂದು ತಿಳಿಯಲು ಅವಳಿಗೆ ಆ ಪುಸ್ತಕ ಈಗ ಮೊದಲಿಗಿಂತ ಹೆಚ್ಚು ಬೇಕು. ನಾನಾಗಿ ಅಂಗಳಕ್ಕೆ ಒಯ್ದು ಕೊಡಲಾರೆ, ಹತ್ತು ಜನರ ಎದುರು ಅವಳನ್ನು ಮತ್ತೆ ತೋರಿಸಿಕೊಟ್ಟಂತೆ. ಅವಳೇ ಬರಲಿ ಎಂದು ದಿನವೂ ಕಾದೆ.

ನಿನ್ನೆ ಬಂದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎದುರಿನ ಹಲಗೆಯ ಮೇಲೆ, ಅವಳ ಕೈಯಿಂದ ಒಂದು ಗೇಣು ದೂರದಲ್ಲಿ ಆ ಪುಸ್ತಕ ಇತ್ತು. ಅವಳು ನೋಡಿದಳು. ನಾನು ನೋಡುತ್ತಿದ್ದೇನೆ ಎಂದು ತಿಳಿದು ಕಣ್ಣು ಬೇರೆ ಕಡೆ ಮಾಡಿದಳು. ನಾನು ಎದ್ದು ಕಿಟಕಿಯ ಕಡೆ ತಿರುಗಿ ನಿಂತೆ. ತೆಗೆದುಕೊಂಡು ಹೋಗಲಿ, ನನಗೆ ಹೇಳದೆಯೇ ಒಯ್ಯಲಿ, ಕದ್ದುಕೊಂಡಾದರೂ ಹೋಗಲಿ ಎಂದು ಬೇಡಿಕೊಳ್ಳುತ್ತ ನಿಂತಿದ್ದೆ. ಸಪ್ಪಳವೇ ಆಗಲಿಲ್ಲ. ತಿರುಗಿದೆ. ನಿಂತಲ್ಲೇ ನಿಂತಿದ್ದಳು. ಏನು ಬೇಕು ಪ್ರೇಮವ್ವಾ ಎಂದು ಕೇಳಿದೆ.

"ರಂಗೋಲಿ ಪುಸ್ತಕ ಇದ್ರ ಕೊಡ್ರಿ" ಎಂದಳು.

ಕೊಟ್ಟೆ.

ಮುಮ್ತಾಜಬಿ